ಬಾಡಿಗೆಯ ವೇಳಾಪಟ್ಟಿ

ತೊಂದರೆ ಶುರುವಾದದ್ದು ಕಂಪ್ಯೂಟರ್ ಪರದೆಯ ಮೇಲಂಚಿನಲ್ಲಿ ಮೂಡಿದ ಬೆರಳಗಲದ ಹಳದಿ ಪಟ್ಟಿಯೊಂದರಿಂದ. ‘ನಿಮ್ಮ ಚಂದಾ ಇಂದಿಗೆ ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಮುಂದುವರಿಸುವಿರಾ? ಅಥವಾ ಒಂದೇ ಸಲಕ್ಕೆ ಕೊಂಡುಬಿಡುವಿರಾ?’ ಎಂದು ಅದು ಕೇಳುತ್ತಿತ್ತು. ಕೇಳುವ ಧಾಟಿಯೇನೋ ಬಲು ವಿನಯದ್ದು. ಸಾಲ ಕೇಳಲು ಬಂದ ಭಾವಮೈದುನ ಮೊದಲು ಮಕ್ಕಳ ಆರೋಗ್ಯ ವಿಚಾರಿಸಿದ ಹಾಗೆ.

ಭೂಗೋಳದ ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಓದಿದರು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಮೇಷ್ಟ್ರ ಮುಖದಲ್ಲಿ ಮಾತ್ರ, ಕಾದು ಕಾದು ಸಾಕಾದವನಿಗೆ ತಿರುವಿನಲ್ಲಿ ಬಸ್ಸು ಕಂಡಾಗಿನ ಕಳೆ ಮೂಡಿತು.

ಶಾಲೆಯ ವೇಳಾಪಟ್ಟಿ ಅವರ ಕೊರಳಿಗೆ ಬಿದ್ದು ವರ್ಷಗಳೇ ಆಗಿದ್ದವು. ಹಿಂದೆ ಅದನ್ನು ನೋಡಿಕೊಳ್ಳುತ್ತಿದ್ದ ಗಣಿತದ ಮೇಷ್ಟ್ರು ನಿವೃತ್ತರಾದಾಗ, “ಈ ಒಂದು ಟರ್ಮು ಸುಧಾರಿಸ್ಕೊಳ್ಳಿ ಮೇಷ್ಟ್ರೇ, ಆಮೇಲೆ ಬೇರೆಯವರಿಗೆ ಕೊಡೋಣ” ಎಂದು ಹೆಡ್‌ಮೇಡಂ ಇವರ ಕೈಗಿತ್ತಿದ್ದರು. ಆ ಒಂದು ಟರ್ಮು ರಬ್ಬರಿನ ಹಾಗೆ ಎಳೆದಷ್ಟೂ ಬಂತು. ಯಾವ ತರಗತಿಗೆ ಯಾವ ಹೊತ್ತಿಗೆ ಯಾರು, ಅವರು ರಜೆ ಹಾಕಿದರೆ ಆ ಜಾಗಕ್ಕೆ ಯಾರು, ಪ್ರಯೋಗಶಾಲೆ ಯಾರಿಗೆ, ಮೈದಾನ ಯಾರಿಗೆ, ಎಲ್ಲವನ್ನೂ ಹೊಂದಿಸಿಕೊಡಲು ವರ್ಷದ ಚಂದಾ ಕಟ್ಟಿ ತಂದ ಸಾಫ್ಟ್‌ವೇರ್ ಇತ್ತು ನಿಜ. ಆದರೆ ಸಾಫ್ಟ್‌ವೇರನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ ಬೈಯಲು ಆಗುವುದಿಲ್ಲವಲ್ಲ. ಊಟವಾದ ಮೇಲಿನ ಪೀರಿಯಡ್ ಯಾರಿಗೂ ಬೇಡ, ದಿನದ ಕೊನೆಯ ಪೀರಿಯಡ್ ಯಾರಿಗೂ ಬೇಡ, ಎಂಟನೇ ತರಗತಿಯ ‘ಬಿ’ ವಿಭಾಗವಂತೂ ಯಾವ ಹೊತ್ತಿಗೂ ಯಾರಿಗೂ ಬೇಡ. ಇಷ್ಟು ಬೇಡಗಳನ್ನೂ ಮೇಷ್ಟ್ರು ಪ್ರತಿ ಸಂಜೆ ಒಂದು ಪೆಟ್ಟಿಗೆಯೊಳಗೆ ತುರುಕಿ, ಮುಚ್ಚಳ ಅದುಮಿ, ಮೇಲೆ ಕೂತು, ಮನೆಗೆ ಹೊರಡುವ ಹೊತ್ತಿಗೆ ಬೀದಿದೀಪ ಹತ್ತಿರುತ್ತಿತ್ತು.

ಮನೆಯಲ್ಲಿ ಮಗಳು ಕಾಯುತ್ತಿದ್ದಳು. ಅವಳ ಸೈಕಲ್ಲಿನ ಹಿಂದಿನ ಎರಡು ಪುಟ್ಟ ಚಕ್ರಗಳನ್ನು ಕಳಚಿ ಆಗಿತ್ತು. ಇನ್ನು ಯಾರಾದರೂ ಸೀಟು ಹಿಡಿದುಕೊಂಡು ಹಿಂದೆ ಓಡಬೇಕಿತ್ತು. ಅಮ್ಮ ಹಿಡಿದರೆ ಅವಳಿಗೆ ನಂಬಿಕೆಯಿಲ್ಲ. “ಅಮ್ಮ ಹಿಡ್ಕೊಂಡಿದೀನಿ ಹಿಡ್ಕೊಂಡಿದೀನಿ ಅಂತ ಹೇಳ್ತಾನೇ ಬಿಟ್ಬಿಡ್ತಾಳೆ” ಎಂಬುದು ಅವಳ ದೂರು. ಅಪ್ಪನೇ ಬರಬೇಕು, ಅದೂ ಬೆಳಕಿರುವಾಗ. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು: “ಹೊಸ ಟರ್ಮಿನಿಂದ ವೇಳಾಪಟ್ಟಿ ಬೇರೆಯವರಿಗೆ ಹೋಗುತ್ತೆ ಪುಟ್ಟಿ. ದಿನಾ ಬೇಗ ಬರ್ತೀನಿ.”

ಹೊಸ ಟರ್ಮು ಸೋಮವಾರ. ಇವತ್ತು ಶುಕ್ರವಾರ. ಮೇಷ್ಟ್ರು ಹಳದಿ ಪಟ್ಟಿಯ ಸುದ್ದಿ ಹೊತ್ತು ಹೆಡ್‌ಮೇಡಂ ಕೋಣೆಗೆ ನಡೆದರು.

ಹೆಡ್‌ಮೇಡಂ ಎತ್ತರದ ಹೆಂಗಸು. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ, ಏರಿಸುವ ಅಗತ್ಯವೂ ಬಿದ್ದಿಲ್ಲ. ಅವರಿಗೆ ಅರ್ಧಂಬರ್ಧ ಇತ್ಯರ್ಥವಾದ ವಿಷಯಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಆಳ್ವಿಕೆಯಲ್ಲಿ ಗೋಡೆಯ ಮೇಲೆ ಬರೆಯದಿದ್ದರೂ ಎಲ್ಲರ ಎದೆಯಲ್ಲಿ ಬರೆದಿದ್ದ ನಿಯಮವೊಂದಿತ್ತು: ವೇಳಾಪಟ್ಟಿ ಹೇಳಿದ್ದನ್ನು ಮೊದಲು ಪಾಲಿಸಿ, ಆಮೇಲೆ ಪ್ರಶ್ನಿಸಿ. ಹಿಂದೊಮ್ಮೆ ಇಬ್ಬರು ಮೇಷ್ಟ್ರುಗಳು ಒಂದೇ ತರಗತಿಯ ಬಾಗಿಲಲ್ಲಿ ನಿಂತು ‘ಇದು ನಂದು’, ‘ಅಲ್ಲ ನಂದು’ ಎಂದು ಗಂಟೆ ಹೊಡೆಯುವವರೆಗೂ ವಾದ ಮಾಡಿ, ಮಕ್ಕಳು ಒಳಗಿನಿಂದ ಅಂಕ ಕೊಡುತ್ತಿದ್ದುದನ್ನು ಕಣ್ಣಾರೆ ನೋಡಿದ ಮೇಲೆ ಹುಟ್ಟಿದ ನಿಯಮ ಅದು.

“ಕೂತ್ಕೊಳ್ಳಿ” ಎಂದರು ಹೆಡ್‌ಮೇಡಂ. “ಚಂದಾ ಮುಗೀತಿದೆ ಅಂತೀರಿ. ಮತ್ತೆ ಕಟ್ಟೋದೋ, ಪೂರ್ತಿ ಕೊಂಡುಬಿಡೋದೋ?”

“ಅದನ್ನೇ ಕೇಳೋಣ ಅಂತ ಬಂದೆ ಮೇಡಂ. ಜೊತೆಗೆ, ಸೋಮವಾರದಿಂದ ಈ ಕೆಲಸ ವಿಜ್ಞಾನದ ಮೇಡಂಗೆ ಅಂತ ತಾವು...”

“ಹೇಳಿದ್ದೆ. ಮಾತಿಗೆ ತಪ್ಪಲ್ಲ. ಆದ್ರೆ ಅರ್ಧ ಬೆಂದಿದ್ದನ್ನ ಅವರ ಕೈಗೆ ಕೊಡೋದು ಬೇಡ. ಸಾಫ್ಟ್‌ವೇರ್ ವಿಷಯ ಸಂಜೆಯೊಳಗೆ ಇತ್ಯರ್ಥ ಆಗ್ಲಿ. ಎಲ್ಲರನ್ನೂ ಕೇಳಿ. ನಾಳೆ ಯಾರೂ ನಮ್ಮನ್ನ ಕೇಳ್ಲಿಲ್ಲ ಅನ್ಬಾರ್ದು. ಇತ್ಯರ್ಥ ಆದ ಗಳಿಗೆ ನಿಮಗೆ ಬಿಡುಗಡೆ.”

ಬಿಡುಗಡೆ ಎಂಬ ಮಾತು ಮೇಷ್ಟ್ರ ಕಿವಿಯಲ್ಲಿ ಸೈಕಲ್ಲಿನ ಗಂಟೆಯ ಹಾಗೆ ಕೇಳಿಸಿತು. ಇತ್ಯರ್ಥವೇ ತಾನೆ? ಟೀ ವಿರಾಮದಲ್ಲಿ ಮುಗಿಸಿಬಿಡಬಹುದು ಎಂದುಕೊಂಡರು. ಎಲ್ಲರನ್ನೂ ಕೇಳಿ ಯಾವುದನ್ನಾದರೂ ಮುಗಿಸಿದವರು ಈ ಭೂಮಿಯ ಮೇಲೆ ಯಾರಿದ್ದಾರೆ ಎಂದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ.

ಸ್ಟಾಫ್‌ರೂಮಿನಲ್ಲಿ ಉದ್ದದ ಮೇಜಿನ ಸುತ್ತ ಟೀ ಲೋಟಗಳು ಸೇರಿದ್ದವು. ಮೇಷ್ಟ್ರು ನಿಂತೇ ವಿಷಯ ಮಂಡಿಸಿದರು. “ಎರಡೇ ದಾರಿ ನೋಡಿ. ಒಂದು, ವರ್ಷ ವರ್ಷ ಚಂದಾ ಕಟ್ಟೋದು. ಕಟ್ಟಿದಷ್ಟು ದಿನ ನಡೆಯುತ್ತೆ, ಹೊಸ ಹೊಸ ಸವಲತ್ತು ತಾನಾಗೇ ಬರುತ್ತೆ, ಕಟ್ಟೋದು ನಿಲ್ಸಿದ್ರೆ ಬೀಗ ಹಾಕ್ಕೊಳುತ್ತೆ. ಇನ್ನೊಂದು, ಒಂದೇ ಸಲಕ್ಕೆ ದುಡ್ಡು ಕೊಟ್ಟು ಶಾಶ್ವತ ಲೈಸೆನ್ಸ್ ತಗೊಳ್ಳೋದು. ಆಮೇಲೆ ಯಾರ ಹಂಗೂ ಇಲ್ಲ. ಆದ್ರೆ ಇವತ್ತು ಹೇಗಿದೆಯೋ ಹಾಗೇ ಇರುತ್ತೆ, ಹೊಸದೇನೂ ಬರಲ್ಲ.”

“ಬಾಡಿಗೆನೇ ಇರ್ಲಿ ಮೇಷ್ಟ್ರೇ” ಎಂದರು ಪೀಟಿ ಮೇಷ್ಟ್ರು, ಕೊರಳಲ್ಲಿ ಸೀಟಿ ತೂಗಾಡಿಸುತ್ತ. ಅವರು ಪಿಸುಗುಟ್ಟಿದರೂ ಮೈದಾನದ ಆಚೆ ತುದಿಗೆ ಕೇಳುವ ಆಸಾಮಿ. “ಬಾಡಿಗೆ ಮನೇಲಿ ನಲ್ಲಿ ಸೋರಿದ್ರೆ ಮಾಲೀಕ ಓಡಿಬರ್ತಾನೆ. ಸ್ವಂತ ಮನೇಲಿ ಸೋರಿದ್ರೆ ನಾವೇ ಬಕೆಟ್ ಇಟ್ಕೊಂಡು ಕಾವಲು ಕೂರ್ಬೇಕು. ನಾನು ಕಟ್ಸಿ ಅನುಭವಿಸ್ತಿದೀನಿ.”

“ನಿಮ್ಮ ಮಾಲೀಕ ಓಡಿಬರ್ತಿದ್ನೇನ್ರೀ?” ಡ್ರಾಯಿಂಗ್ ಮೇಷ್ಟ್ರು ಲೋಟದಿಂದ ತಲೆಯೆತ್ತದೆ ಕೇಳಿದರು. “ನಮ್ಮವನು ಬಾಡಿಗೆ ಕೇಳೋಕೆ ಮಾತ್ರ ಓಡಿಬರ್ತಾನೆ. ಗೋಡೆಗೆ ಒಂದು ಮೊಳೆ ಹೊಡೆಯೋಕೆ ಅವನ ಅಪ್ಪಣೆ ಬೇಕು. ನಾನು ಚಿತ್ರ ಬರೆಯೋನು, ನನ್ನ ಮನೇಲೇ ಒಂದು ಚಿತ್ರ ತೂಗುಹಾಕೋ ಹಾಗಿಲ್ಲ. ಸ್ವಂತದ್ದೇ ಸರಿ.”

“ಚಿತ್ರ ನೋಡೇ ಅವನು ಬೇಡ ಅಂದಿರ್ಬೇಕು ಬಿಡಿ.”

“ಇಬ್ರೂ ಮನೆ ವಿಷಯ ಬಿಡ್ತೀರಾ?” ವಿಜ್ಞಾನದ ಮೇಡಂ ನಡುವೆ ಬಂದರು. ಸೋಮವಾರದಿಂದ ಈ ಹೊರೆ ತಮ್ಮ ಹೆಗಲಿಗೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಬೆಳಗಿನಿಂದ ಮುಖ ಸಪ್ಪಗಿತ್ತು. “ಕೊಂಡಿದ್ದು ಶಾಶ್ವತ ಅಂತೀರಿ. ಕಂಪ್ಯೂಟರ್ ಶಾಶ್ವತನಾ? ನಾಲ್ಕು ವರ್ಷಕ್ಕೆ ಕಂಪ್ಯೂಟರ್ ಬದಲಾಗುತ್ತೆ, ಹೊಸದರಲ್ಲಿ ಹಳೇದು ಏಳಲ್ಲ. ಆಮೇಲೆ ಅದನ್ನ ಗಾಜಿನ ಪೆಟ್ಟಿಗೇಲಿಟ್ಟು ಮಕ್ಕಳಿಗೆ ತೋರಿಸ್ಬೇಕಷ್ಟೆ, ಪಳೆಯುಳಿಕೆ ಅಂತ. ನಾನಾದ್ರೆ ಬಾಡಿಗೆ ಅಂತೀನಿ.”

ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಯಿತು. ಮೂಲೆಯಲ್ಲಿ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತ ಕೂತಿದ್ದ ಗುಮಾಸ್ತರ ಕಡೆ ಮೇಷ್ಟ್ರು ಆಸೆಯಿಂದ ನೋಡಿದರು. ಗುಮಾಸ್ತರು ಬಿಸ್ಕತ್ತು ಲೋಟದೊಳಗೆ ಮುರಿದು ಬೀಳದಂತೆ ಮೇಲೆತ್ತಿ, ಬಾಯಿಗಿಟ್ಟು, ನುಂಗಿ, ಆಮೇಲೆ ಹೇಳಿದರು:

“ನೋಡಿ ಮೇಷ್ಟ್ರೇ. ವರ್ಷ ವರ್ಷ ಕೊಡೋದು ಅನ್ನೋದು ಹಳೇ ಕೆಮ್ಮಿದ್ದ ಹಾಗೆ. ಸಾಯಿಸಲ್ಲ, ಹೋಗೋದೂ ಇಲ್ಲ. ಒಂದೇ ಸಲಕ್ಕೆ ಕೊಡೋದು ಹಲ್ಲು ಕೀಳಿಸಿದ ಹಾಗೆ. ಆ ಗಳಿಗೆ ಪ್ರಾಣ ಹೋಗುತ್ತೆ, ಆಮೇಲೆ ನೆಮ್ಮದಿ.”

“ಅಂದ್ರೆ ನೀವು ಕೊಳ್ಳೋದು ಅಂತೀರಿ.”

“ನಾನೆಲ್ಲಿ ಅಂದೆ? ನಂಗೆ ಹಲ್ಲು ಕೀಳಿಸೋದು ಅಂದ್ರೆ ಭಯ.”

ಗಂಟೆ ಹೊಡೆಯಿತು. ಲೋಟಗಳು ಚದುರಿದವು. ಇತ್ಯರ್ಥ ಮಾತ್ರ ಮೇಜಿನ ಮೇಲೆ ಚೆಲ್ಲಿದ ಟೀಯ ಹಾಗೆ ಯಾರೂ ಒರೆಸದೆ ಉಳಿಯಿತು.

ಮೇಷ್ಟ್ರಿಗೆ ಒಳಗೊಳಗೆ ಕೊಳ್ಳುವುದೇ ಸರಿ ಎನಿಸಿತ್ತು. ಕಾರಣ ಸರಳ. ಚಂದಾ ಎಂದರೆ ಪ್ರತಿ ವರ್ಷ ಇದೇ ಹಳದಿ ಪಟ್ಟಿ, ಇದೇ ಟೀ, ಇದೇ ವಾದ. ಪ್ರತಿ ವರ್ಷವೂ ‘ಇದೊಂದು ಇತ್ಯರ್ಥ ಆಗ್ಲಿ, ಆಮೇಲೆ ಬಿಡುಗಡೆ’ ಎಂಬ ಮಾತು. ಕೊಂಡುಬಿಟ್ಟರೆ ಹಗ್ಗ ಕಡಿದಂತೆ. ಆದರೆ ಹೆಡ್‌ಮೇಡಂ ಕಾರಣ ಕೇಳುತ್ತಾರೆ. ಮಗಳ ಸೈಕಲ್ಲು ಎಂದರೆ ಆಗುತ್ತದೆಯೆ? ಹೀಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬುತ್ತಿಯನ್ನು ಪಕ್ಕಕ್ಕೆ ಸರಿಸಿ, ಒಂದೇ ಸಲಕ್ಕೆ ಕೊಳ್ಳುವ ಬಗೆಯ ಸಾಫ್ಟ್‌ವೇರಿನ ಮಾದರಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡರು. ಕೊಳ್ಳುವ ಮುಂಚೆ ಪುಕ್ಕಟೆಯಾಗಿ ಬಳಸಿ ನೋಡಿ ಎಂದು ಕಂಪನಿಯವರೇ ಇಟ್ಟಿದ್ದರು. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುವುದು ಇಂಥ ಹೊತ್ತಿಗೇ.

ಮಾದರಿ ತೆರೆದುಕೊಂಡು, ‘ನಿಮ್ಮ ಹಳೆಯ ವೇಳಾಪಟ್ಟಿಯನ್ನು ತಂದುಕೊಳ್ಳಲೇ?’ ಎಂದಿತು. ಮೇಷ್ಟ್ರು ಹೌದು ಎಂದರು. ತಂದುಕೊಂಡಿತು. ಅಚ್ಚುಕಟ್ಟಾದ ಚೌಕಗಳು, ಕಣ್ಣಿಗೆ ಹಿತವಾದ ಬಣ್ಣಗಳು. ‘ಎಲ್ಲರಿಗೂ ತಿಳಿಸಲೇ?’ ಎಂದು ಕೇಳಿತು. ದಿನ ಬೆಳಗೂ ಇದೇ ಪ್ರಶ್ನೆಗೆ ಹೌದು ಎಂದು ಒತ್ತಿ ಒತ್ತಿ ಪಳಗಿದ ಬೆರಳು. ಮೇಷ್ಟ್ರು ಚಪಾತಿಗೆ ಕೈಹಾಕುವ ಮುನ್ನವೇ ಬೆರಳು ತನ್ನ ಕೆಲಸ ಮುಗಿಸಿತ್ತು.

ನಡೆದದ್ದು ಇಷ್ಟು. ಹಳೆಯದರಲ್ಲಿ ಶಾಲೆಯ ಸಿಬ್ಬಂದಿಯೆಲ್ಲ ಸೇವೆಗೆ ಸೇರಿದ ಕ್ರಮದಲ್ಲಿ ಸಾಲಾಗಿ ನಿಂತಿದ್ದರು. ಹೊಸದು ಅವರನ್ನೆಲ್ಲ ಹೆಸರಿನ ಮೊದಲಕ್ಷರ ನೋಡಿ ಅಕಾರಾದಿಯಾಗಿ ನಿಲ್ಲಿಸಿತು. ಅವರ ಪೀರಿಯಡ್‌ಗಳನ್ನು ಮಾತ್ರ ಮೊದಲಿದ್ದ ಸಾಲಿನಲ್ಲೇ ಬಿಟ್ಟಿತು. ಚಪ್ಪಲಿಗಳೆಲ್ಲ ಇದ್ದಲ್ಲೇ ಇದ್ದು ಕಾಲುಗಳು ಮಾತ್ರ ಜಾಗ ಬದಲಿಸಿದ ಹಾಗೆ. ಶಾಲೆಯ ಪ್ರತಿ ಜೇಬಿನಲ್ಲೂ ಪ್ರತಿ ಚೀಲದಲ್ಲೂ ಫೋನು ಒಮ್ಮೆ ಕಿಣಿ ಎಂದಿತು: ‘ಇಂದು ಮಧ್ಯಾಹ್ನದ ಪರಿಷ್ಕೃತ ವೇಳಾಪಟ್ಟಿ.’

ಮೊದಲು ಪಾಲಿಸಿ, ಆಮೇಲೆ ಪ್ರಶ್ನಿಸಿ. ಊಟದ ಗಂಟೆ ಮುಗಿದದ್ದೇ ಎಲ್ಲರೂ ಎದ್ದರು.

ಡ್ರಾಯಿಂಗ್ ಮೇಷ್ಟ್ರು ಹತ್ತನೇ ತರಗತಿಯನ್ನು ಹಿಂದಿಟ್ಟುಕೊಂಡು ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಹೋದರು. ಏನನ್ನೂ ಮುಟ್ಟುವ ಧೈರ್ಯವಾಗದೆ ಗಾಜಿನ ಹೂಜಿಯೊಂದನ್ನು ಮೇಜಿನ ನಡುವೆ ಇಟ್ಟು, ಕಿಟಕಿಯ ಬೆಳಕು ಅದರ ಮೇಲೆ ಹೇಗೆ ಬೀಳುತ್ತಿದೆ ನೋಡಿ ಬರೆಯಿರಿ ಎಂದರು. ವಿಜ್ಞಾನದ ಮೇಡಂ ಮೈದಾನದಲ್ಲಿ ಸೀಟಿಯನ್ನು ಊದಲು ಹೋಗಿ ಅದರ ಒಳಗಿನ ಗುಂಡು ಯಾಕೆ ತಿರುಗುತ್ತದೆ ಎಂದು ವಿವರಿಸತೊಡಗಿದರು. ಗುಮಾಸ್ತರ ಹೆಸರೂ ಸಿಬ್ಬಂದಿಯ ಸಾಲಿನಲ್ಲಿ ಇದ್ದದ್ದರಿಂದ ಅವರ ಪಾಲಿಗೆ ಮೂರನೇ ತರಗತಿಯ ಸಂಗೀತ ಬಂದಿತ್ತು. ಅವರು ಹಾರ್ಮೋನಿಯಂ ಮುಂದೆ ಕೂತು, ತಮಗೆ ಬಾಯಿಪಾಠವಿದ್ದ ಒಂದೇ ಒಂದು ಸಂಗತಿಯನ್ನು, ಅಂದರೆ ರಜೆಯ ನಿಯಮಗಳನ್ನು, ರಾಗವಾಗಿ ಹಾಡಿಸುತ್ತಿದ್ದರು. “ಅರ್ಧ ದಿನದ ರಜೆಗೂ ಅರ್ಜಿ ಬೇಕೇ ಬೇಕು” ಎಂಬ ಪಲ್ಲವಿ ಕಾರಿಡಾರಿನುದ್ದಕ್ಕೂ ಹರಿದುಬಂತು.

ಆದದ್ದು ಮೇಷ್ಟ್ರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಪ್ಯೂಟರಿಗೆ ಓಡಿ ಎಲ್ಲವನ್ನೂ ಹಿಂದಕ್ಕೆ ತರಬೇಕು ಎಂದು ಎದ್ದರು. ಆದರೆ ಅವರ ಫೋನೂ ಕಿಣಿ ಎಂದಿತ್ತು: ‘ಆರನೇ ತರಗತಿ, ಹೊಲಿಗೆ.’ ಪಾಲಿಸದೆ ಪ್ರಶ್ನಿಸಿದ ಮೊದಲ ಮನುಷ್ಯ ವೇಳಾಪಟ್ಟಿ ಮಾಡಿದವನೇ ಆದರೆ ಹೇಗೆ? ಮೇಷ್ಟ್ರು ಹೊಲಿಗೆಯ ಕೋಣೆಗೆ ಹೋಗಿ, ಸೂಜಿಗೆ ದಾರ ಪೋಣಿಸಲು ಕೂತರು. ದಾರ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಭೂಪಟದಲ್ಲಿ ಯಾವ ಜಲಸಂಧಿಯನ್ನು ಕೇಳಿದರೂ ಕಣ್ಣುಮುಚ್ಚಿ ತೋರಿಸಬಲ್ಲ ಮನುಷ್ಯನಿಗೆ ಸೂಜಿಯ ಕಣ್ಣು ಸಿಗಲಿಲ್ಲ.

“ಸಾರ್, ದಾರದ ತುದಿ ಎಂಜಲು ಮಾಡ್ಕೋಬೇಕು” ಎಂದಳು ಮುಂದಿನ ಬೆಂಚಿನ ಹುಡುಗಿ.

“ಗೊತ್ತಮ್ಮ” ಎಂದರು ಮೇಷ್ಟ್ರು.

“ಗೊತ್ತಿದ್ರೆ ಯಾಕೆ ಸಾರ್ ಮಾಡ್ತಿಲ್ಲ?”

“ಮೊದಲು ತಪ್ಪು ದಾರಿ ಯಾವುದು ಅಂತ ತೋರಿಸ್ತಿದೀನಿ.”

ಕಿಟಕಿಯಾಚೆ ಎದುರಿನ ಕಟ್ಟಡದಲ್ಲಿ ಐದನೇ ತರಗತಿ ಕಾಣುತ್ತಿತ್ತು. ಅಲ್ಲಿ ಬೋರ್ಡಿನ ಮುಂದೆ ಚಾಕು ಹಿಡಿದಂತೆ ಚಾಕ್‌ಪೀಸು ಹಿಡಿದು ನಿಂತಿದ್ದವರನ್ನು ನೋಡಿ ಮೇಷ್ಟ್ರ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಹೆಡ್‌ಮೇಡಂ. ತಾವು ಮಾಡಿದ ನಿಯಮವನ್ನು ತಾವೇ ಪಾಲಿಸುತ್ತ, ಎಷ್ಟೋ ವರ್ಷಗಳ ಮೇಲೆ ಭಿನ್ನರಾಶಿ ಹೇಳಿಕೊಡುತ್ತಿದ್ದರು.

ಇವತ್ತಿಗೆ ಕೆಲಸವೂ ಹೋಯಿತು, ಸೈಕಲ್ಲೂ ಹೋಯಿತು ಎಂದುಕೊಂಡರು ಮೇಷ್ಟ್ರು. ಆಶ್ಚರ್ಯವೆಂದರೆ ಅಂಥ ಗದ್ದಲವೇನೂ ಕೇಳಿಬರಲಿಲ್ಲ. ಮಧ್ಯಾಹ್ನ ಎಂದಿನಂತೆಯೇ, ಎಂದಿಗಿಂತ ಒಂದು ತೂಕ ಮೆತ್ತಗೆ, ಕಳೆಯಿತು. ಕಾರಿಡಾರಿನ ತುದಿಯ ಎಂಟನೇ ‘ಬಿ’ಯಿಂದಲೂ ಸದ್ದಿರಲಿಲ್ಲ. ಅಲ್ಲಿ ಗಣಿತ ಹೇಳಿಕೊಡಲು ಬಿದ್ದವರು ಪೀಟಿ ಮೇಷ್ಟ್ರು. ಅವರಿಗೆ ತಿಳಿದದ್ದನ್ನು ಅವರು ಮಾಡಿದ್ದರು: ಇಡೀ ತರಗತಿಯನ್ನು ಎದ್ದು ನಿಲ್ಲಿಸಿ, ತೋಳುಗಳಿಂದ ಲಂಬಕೋನ ಮಾಡಿಸಿ, ವಿಶಾಲಕೋನ ಮಾಡಿಸಿ, ತೋಳು ಇಳಿಸುವ ಅಪ್ಪಣೆಯನ್ನು ಮಾತ್ರ ನಿಧಾನಕ್ಕೆ ಕೊಟ್ಟಿದ್ದರು.

ಕೊನೆಯ ಗಂಟೆಯಾದ ಮೇಲೆ ಎಲ್ಲರೂ ಆಫೀಸಿನ ಮುಂದೆ ಸೇರಿದರು. ಪಾಲಿಸಿ ಆಗಿತ್ತು, ಇನ್ನು ಪ್ರಶ್ನಿಸುವ ಸರದಿ. ಎಲ್ಲರೂ ಒಟ್ಟಿಗೆ ಬಾಯಿ ತೆರೆದರು, ಅಷ್ಟರಲ್ಲಿ ಹೆಡ್‌ಮೇಡಂ ಬಂದರು. ಸೆರಗಿನ ತುಂಬ ಚಾಕ್‌ಪೀಸಿನ ಪುಡಿ. ತೆರೆದ ಬಾಯಿಗಳು ಮುಚ್ಚಿಕೊಂಡವು.

“ಮಧ್ಯಾಹ್ನದ ವೇಳಾಪಟ್ಟಿ ಯಾರು ಮಾಡಿದ್ದು?”

“ನಾನೇ ಮೇಡಂ” ಎಂದರು ಭೂಗೋಳದ ಮೇಷ್ಟ್ರು, ದಾರ ಸುತ್ತಿಕೊಂಡ ಬೆರಳನ್ನು ಬೆನ್ನ ಹಿಂದೆ ಮರೆಮಾಡುತ್ತ. “ಒಂದೇ ಸಲಕ್ಕೆ ಕೊಳ್ಳೋ ಸಾಫ್ಟ್‌ವೇರು ಹೇಗಿರುತ್ತೆ ಅಂತ ಪರೀಕ್ಷೆ ಮಾಡ್ತಿದ್ದೆ. ಅದು ಎಲ್ಲರಿಗೂ...”

“ನಾನು ಈ ಶಾಲೆಗೆ ಬಂದಾಗಿನಿಂದ ಎಂಟನೇ ‘ಬಿ’ ಗಲಾಟೆ ಇಲ್ಲದೆ ಇದ್ದದ್ದು ಇವತ್ತೊಂದೇ ದಿನ. ನನಗೂ ಮಕ್ಕಳ ಮುಂದೆ ನಿಂತು ಎಷ್ಟು ದಿನ ಆಗಿತ್ತು.” ಹೆಡ್‌ಮೇಡಂ ಕೈಯ ಪುಡಿ ಕೊಡವಿಕೊಂಡರು. “ಒಳ್ಳೇ ಸಾಫ್ಟ್‌ವೇರು. ಅದನ್ನೇ ಕೊಂಡುಬಿಡಿ.”

ಪೀಟಿ ಮೇಷ್ಟ್ರು ಏನೋ ಹೇಳಹೊರಟರು. ನಲ್ಲಿ, ಬಕೆಟ್ಟು ಎಂಬ ಮಾತುಗಳು ಕೇಳಿದವು. “ನೀವು ಸೋಮವಾರದಿಂದ ಎಂಟನೇ ‘ಬಿ’ಗೆ ಗಣಿತ” ಎಂದರು ಹೆಡ್‌ಮೇಡಂ. ಮಾತು ನಿಂತಿತು.

ಭೂಗೋಳದ ಮೇಷ್ಟ್ರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಬೀಸುವ ದೊಣ್ಣೆ ತಪ್ಪಿದ್ದಷ್ಟೇ ಅಲ್ಲ, ಆ ದೊಣ್ಣೆಯೇ ಹಣ್ಣು ಉದುರಿಸಿ ಕೈಗಿತ್ತಿತ್ತು. ಹೊರಗಿನ್ನೂ ಬಿಸಿಲಿತ್ತು. ಈಗ ಹೊರಟರೂ ಬೀದಿಯ ತುದಿಯವರೆಗೆ ನಾಲ್ಕು ಸುತ್ತು ಓಡಬಹುದು.

ಆಫೀಸಿನ ಕಂಪ್ಯೂಟರಿನ ಮುಂದೆ ಗುಮಾಸ್ತರು ಕೂತರು, ಹಲ್ಲು ಕೀಳಿಸಲು ಕೂತವರ ಹಾಗೆ. ಶಾಲೆಯ ಖಾತೆಯಿಂದ ದುಡ್ಡು ಹೋಯಿತು. ಪರದೆಯ ಮೇಲೆ ಕೊನೆಯ ಪ್ರಶ್ನೆಯೊಂದು ಉಳಿದಿತ್ತು: ಬಳಸುವವರ ಹೆಸರು. ಗುಮಾಸ್ತರು ಶಾಲೆಯ ಹೆಸರು ಟೈಪು ಮಾಡಿದರು. ಕೆಂಪು ಅಕ್ಷರದಲ್ಲಿ ‘ವ್ಯಕ್ತಿಯ ಹೆಸರು ಬೇಕು’ ಎಂದು ಬಂತು.

“ವಿಜ್ಞಾನದ ಮೇಡಂ ಹೆಸರು ಹಾಕ್ಬೇಕಲ್ವಾ?” ಎಂದರು ಗುಮಾಸ್ತರು. “ಅವರ ಫೋನ್ ನಂಬರೂ ಕೇಳುತ್ತೆ. ಎಲ್ಲಿ ಅವರು?”

ವಿಜ್ಞಾನದ ಮೇಡಂ ಮತ್ತೆ ಮೈದಾನಕ್ಕೆ ಹೋಗಿ, ಮಧ್ಯಾಹ್ನ ಮಕ್ಕಳಿಗೆ ತೋರಿಸುವಾಗ ಹೊರಬಿದ್ದು ಕಳೆದುಹೋದ ಸೀಟಿಯ ಗುಂಡನ್ನು ಹುಡುಕುತ್ತಿದ್ದರು. ಮೇಷ್ಟ್ರು ಕಿಟಕಿಯಾಚೆ ನೋಡಿದರು. ಮರದ ನೆರಳು ಕಾಂಪೌಂಡಿನ ಗೋಡೆ ಹತ್ತತೊಡಗಿತ್ತು.

“ನನ್ನದೇ ಹಾಕಿಬಿಡಿ ಸಾರ್, ಆಮೇಲೆ ಬದಲಾಯಿಸೋಣ. ಗಣಿತದ ಮೇಷ್ಟ್ರ ಹೆಸರಲ್ಲಿದ್ದ ಚಂದಾನ ನನ್ನ ಹೆಸರಿಗೆ ಮಾಡಿದ್ದು ಒಂದು ನಿಮಿಷದ ಕೆಲಸ ಆಗಿತ್ತು.”

“ನಿಧಾನಿಸಿ ಮೇಷ್ಟ್ರೇ” ಎಂದರು ಹೆಡ್‌ಮೇಡಂ. “ಮೇಡಂ ಬರ್ಲಿ.”

“ಏನಿಲ್ಲ ಮೇಡಂ, ಬರೀ ಹೆಸರು ತಾನೇ.” ಮೇಷ್ಟ್ರು ಬಗ್ಗಿ ತಾವೇ ಟೈಪು ಮಾಡಿ, ತಾವೇ ಒತ್ತಿದರು.

ಕಂಪ್ಯೂಟರು ಸ್ವಲ್ಪ ಯೋಚಿಸಿ, ಬಳ್ಳಿಯ ಅಂಚಿನ ಒಂದು ಅಂದವಾದ ಪ್ರಮಾಣಪತ್ರವನ್ನು ತೋರಿಸಿತು. ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು: “ಈ ಶಾಶ್ವತ ಲೈಸೆನ್ಸು ಮೇಲೆ ಹೆಸರಿಸಿದ ವ್ಯಕ್ತಿಗೆ ಸೇರಿದ್ದು. ಅವರ ಹೊರತು ಬೇರಾರೂ ಬಳಸುವಂತಿಲ್ಲ. ಇದನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದು.”

ಮೇಷ್ಟ್ರು ನಗಲು ನೋಡಿದರು. “ಅದೆಲ್ಲ ಬರೀತಾರೆ ಸಾರ್. ಫೋನ್ ಮಾಡಿದ್ರೆ ಸರಿ ಮಾಡಿಕೊಡ್ತಾರೆ.”

ಫೋನು ಎತ್ತಿದ ಹುಡುಗಿಯ ದನಿ ಜೇನಿನಂಥದು. ಮೇಷ್ಟ್ರು ವಿಷಯ ಹೇಳಿದರು.

“ಅಯ್ಯೋ ಸಾರ್, ಹೆಸರು ಬದಲಾಯಿಸೋದು ಚಂದಾದಲ್ಲಿ ಮಾತ್ರ. ಅದರಲ್ಲಾದ್ರೆ ನೀವು ತಿಂಗಳಿಗೊಂದು ಹೆಸರು ಹಾಕ್ಬಹುದಿತ್ತು.”

“ಹಾಗಾದ್ರೆ ಇದನ್ನ ರದ್ದು ಮಾಡಿ ಚಂದಾನೇ ಕೊಡಿಯಮ್ಮ.”

“ರದ್ದು ಮಾಡೋದೂ ಚಂದಾದಲ್ಲೇ ಸಾರ್. ಇದು ರದ್ದಾಗಲ್ಲ. ಅದಕ್ಕೇ ಅಲ್ವಾ ನೀವು ಒಂದೇ ಸಲಕ್ಕೆ ಕೊಟ್ಟಿದ್ದು.”

“ಇದು ಎಷ್ಟು ದಿನದ್ದು?”

“ನಿಮ್ಮ ಜೀವನಪೂರ್ತಿ ಸಾರ್. ಅಭಿನಂದನೆಗಳು.”

ಮೇಷ್ಟ್ರು ಫೋನು ಇಟ್ಟು ಹೆಡ್‌ಮೇಡಂ ಕಡೆ ತಿರುಗಿದರು. “ಮೇಡಂ, ಲೈಸೆನ್ಸು ನನ್ನ ಹೆಸರಲ್ಲಿರ್ಲಿ. ಪ್ರತಿ ಸಲ ತೆರೆಯುವಾಗ ನನ್ನ ಫೋನಿಗೆ ಒಂದು ನಂಬರ್ ಬರುತ್ತಂತೆ. ಅದನ್ನ ನಾನು ವಿಜ್ಞಾನದ ಮೇಡಂಗೆ ಹೇಳ್ತೀನಿ. ಯಾರಿಗೆ ಗೊತ್ತಾಗುತ್ತೆ?”

“ಬೇರಾರೂ ಬಳಸುವಂತಿಲ್ಲ ಅಂತ ಬರೆದಿದೆ” ಎಂದರು ಹೆಡ್‌ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮರುಕ ಕೂಡ ಇತ್ತು. “ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಬೇಡ ಅಂತ ಮಕ್ಕಳಿಗೆ ಹೇಳೋರು ನಾವು. ನಿಯಮ ಅಂದ್ಮೇಲೆ ಮೊದಲು ಪಾಲಿಸ್ಬೇಕು.”

“ಮಾತು ಕೊಟ್ಟಿದ್ರಿ ಮೇಡಂ. ಇತ್ಯರ್ಥ ಆದ ಗಳಿಗೆ ಬಿಡುಗಡೆ ಅಂತ.”

“ಕೊಟ್ಟಿದ್ದೆ. ಇಲ್ಲ ಅನ್ನಲ್ಲ. ಆದ್ರೆ ಇತ್ಯರ್ಥ ಆದ ರೀತಿ ನೋಡಿ.” ಹೆಡ್‌ಮೇಡಂ ಪ್ರಮಾಣಪತ್ರದ ಕಡೆ ತಲೆಯಾಡಿಸಿದರು. “ಇಷ್ಟು ಗಟ್ಟಿಯಾಗಿ ಇತ್ಯರ್ಥ ಆದ ವಿಷಯ ಈ ಶಾಲೇಲಿ ಇನ್ನೊಂದಿಲ್ಲ.”

ಆಗ ವಿಜ್ಞಾನದ ಮೇಡಂ ಒಳಗೆ ಬಂದರು. ಗುಂಡು ಸಿಕ್ಕಿತ್ತು. ಗುಮಾಸ್ತರು ಅವರಿಗೆ ವಿಷಯ ತಿಳಿಸಿದರು. ಬೆಳಗಿನಿಂದ ಸಪ್ಪಗಿದ್ದ ಅವರ ಮುಖ ನಿಧಾನಕ್ಕೆ, ದೀಪದ ಬತ್ತಿ ಏರಿಸಿದ ಹಾಗೆ, ಬೆಳಗಿತು. “ಪಾಪ ಮೇಷ್ಟ್ರು” ಎಂದರು ತುಂಬು ಮನಸ್ಸಿನಿಂದ. “ಅಂದ ಹಾಗೆ ನಂಗೆ ಸೋಮವಾರ ಕೊನೇ ಪೀರಿಯಡ್ ಬೇಡ ಸಾರ್, ನೆನಪಿಟ್ಕೊಳ್ಳಿ.”

ಮೇಷ್ಟ್ರು ಅವತ್ತು ಸಂಜೆ ಬೇಗನೇ ಮನೆಗೆ ನಡೆದರು. ಹೊಸ ಟರ್ಮಿನ ವೇಳಾಪಟ್ಟಿ ಶನಿವಾರ ಬಂದು ಮಾಡಿದರಾಯಿತು ಎಂದು ಹೆಡ್‌ಮೇಡಂ ತಾವಾಗಿಯೇ ಉದಾರವಾಗಿ ಹೇಳಿದ್ದರು. ಗೇಟಿನ ಬಳಿ ಮಗಳು ಸೈಕಲ್ಲು ಹಿಡಿದು ನಿಂತಿದ್ದಳು. ಅಪ್ಪನನ್ನು ಬೆಳಕಿನಲ್ಲಿ ನೋಡಿ ಅವಳಿಗೆ ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಸಿಕ್ಕಿದ್ದೇ ಸ್ಟ್ಯಾಂಡನ್ನು ಕಾಲಿಂದ ಒದ್ದು ಸೀಟಿನ ಮೇಲೆ ಹತ್ತಿ ಕೂತಳು.

ಹೆಂಡತಿ ಮೆಟ್ಟಿಲ ಮೇಲೆ ಕೂತು ಕತೆಯೆಲ್ಲ ಕೇಳಿದಳು. ನಗು ತಡೆಯಲು ಕೆಳದುಟಿ ಕಚ್ಚಿಕೊಂಡಿದ್ದಳು.

“ರೀ, ಒಂದು ಮಾತು ಕೇಳ್ಲಾ? ಆ ಶಾಲೆ ಬಿಟ್ಟು ಬೇರೆ ಶಾಲೆ ಸೇರಿದ್ರೆ?”

“ಲೈಸೆನ್ಸು ಶಾಲೆದಲ್ಲ ಕಣೇ, ನಂದು. ನಾನೆಲ್ಲಿಗೆ ಹೋದ್ರೂ ನನ್ನ ನೆರಳಿನ ಹಾಗೆ ಬರುತ್ತೆ.”

“ಅಪ್ಪ, ಹಿಡ್ಕೊಂಡ್ಯಾ?” ಎಂದಳು ಮಗಳು, ಮುಂದೆ ನೋಡುತ್ತಲೇ.

“ಹಿಡ್ಕೊಂಡೆ ಪುಟ್ಟಿ.” ಮೇಷ್ಟ್ರು ಸೀಟಿನ ಹಿಂಬದಿಗೆ ಕೈ ಹಾಕಿದರು. ಒಂದು ಹೆಜ್ಜೆ ಓಡಿರಬೇಕು, ಜೇಬಿನಲ್ಲಿ ಫೋನು ಅಲುಗಿತು. ಗುರುತಿಲ್ಲದ ನಂಬರು. ಎತ್ತಿದರು.

“ಮೇಷ್ಟ್ರಾ? ನಾನು ನಿಮ್ಮ ಹೆಡ್‌ಮೇಡಂ ತಂಗಿ. ರೈಲ್ವೆ ಗೇಟಿನ ಆಚೆ ನಂದೂ ಒಂದು ಶಾಲೆ ಇದೆ, ಕೇಳಿರ್ತೀರಿ. ಅಕ್ಕ ಈಗಷ್ಟೇ ಹೇಳಿದ್ಲು. ಲೈಸೆನ್ಸು ಶಾಲೆದಲ್ಲವಂತೆ, ನಿಮ್ಮದಂತೆ, ನೀವೆಲ್ಲಿ ಕೂತ್ರೂ ನಡೆಯುತ್ತಂತೆ. ನಮ್ಮದು ನೋಡಿ, ಇನ್ನೂ ಬಾಡಿಗೆಯಲ್ಲೇ ಇದೆ, ಈ ತಿಂಗಳು ಮುಗಿಯುತ್ತೆ. ಅಕ್ಕನ ಕೆಲಸ ಮುಗಿಸ್ಕೊಂಡು ಸಂಜೆ ಹಾಗೇ ನಮ್ಮ ಕಡೆ ಬಂದುಹೋಗೋಕಾಗುತ್ತಾ ಅಂತ...”

“ಹೇಳಿ ಮೇಡಂ” ಎಂದರು ಮೇಷ್ಟ್ರು. ಅಭ್ಯಾಸಬಲ, ಬೇರೆ ಮಾತು ಬರಲಿಲ್ಲ.

ಮಗಳು ಪೆಡಲಿನಿಂದ ಕಾಲು ತೆಗೆದಳು. ಸೈಕಲ್ಲಿನಿಂದ ಇಳಿದು, ಅದನ್ನು ಗೇಟಿನ ಪಕ್ಕಕ್ಕೆ ತಳ್ಳಿ, ಸ್ಟ್ಯಾಂಡು ಹಾಕಿದಳು. ಆಮೇಲೆ ಮೆಟ್ಟಿಲ ಹತ್ತಿರ ಬಂದು ಅಮ್ಮನ ಕೈ ಹಿಡಿದು ಎಬ್ಬಿಸಿದಳು.

“ಬಾಮ್ಮ” ಎಂದಳು. “ನೀನೇ ಹಿಡ್ಕೋ. ಬಿಟ್ರೂ ಪರವಾಗಿಲ್ಲ.”